ಸೀಟುಂಟು ಸೀಟುಂಟು

ಸೆವ್ರಿನ್ ಬಾಯಿ, ನೀವು ಕೇಳಿದ್ರಿ ಅಂತ ಹೇಳುದು.
ನಾನು ಫೋನು ಓದಿದವನಲ್ಲ,
ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಲ್ಲಿ ಮೂವತ್ತೊಂದು ವರ್ಷ
ಬಸ್ಸಿನ ಬಾಗಿಲು ತಟ್ಟಿದವನು.
ಸುರತ್ಕಲ್ ಮುಲ್ಕಿ ಪಡುಬಿದ್ರಿ ಕಾಪು ಉಡುಪಿ,
ಇಷ್ಟೇ ನನ್ನ ವಿದ್ಯೆ, ಒಂದೇ ಉಸಿರಿನದ್ದು.

ನಿಮ್ಮ ಪೇಜಿಗೆ ಹನ್ನೊಂದು ಸಾವಿರ ಜನ ಅಂತೀರಿ,
ಕುಸ್ವಾರಿನ ಫೋಟೋ ಹಾಕಿದ್ರೆ
ನಲ್ವತ್ತು ಜನಕ್ಕೆ ಕಾಣ್ತದೆ ಅಂತೀರಿ.
ಉಳಿದವರು ಎಲ್ಲಿ ಇಳಿದ್ರು ಮೋನಬ್ಬ, ಅಂತ ಕೇಳ್ತೀರಿ.
ಯಾರೂ ಇಳಿಯಲಿಲ್ಲ ಬಾಯಿ.
ಬಾಗಿಲು ಹಾಕಿದ್ದಾರೆ, ಅಷ್ಟೆ.
ತೆಗೀಲಿಕ್ಕೆ ಈಗ ರೇಟುಂಟು.

ತೊಂಬತ್ತಾರರಲ್ಲಿ ಒಬ್ಬ ಬಂದ,
ಬಸ್ಸಿನ ಹೆಸರು ನೀಲಸಾಗರ.
ನಮ್ಮ ಜಲಜಾಕ್ಷಿ ಹೊರಡುದು ಎಂಟು ಹತ್ತಕ್ಕೆ,
ಅವನದ್ದು ಎಂಟು ಆರಕ್ಕೆ.
ಅರ್ಧ ಚಾರ್ಜು, ಕಾಲೇಜು ಮಕ್ಕಳಿಗೆ ಫ್ರೀ,
ಮೀನಿನ ಬುಟ್ಟಿಗೆ ಲಗೇಜು ಇಲ್ಲ,
ಕ್ಯಾಸೆಟ್ಟಿನಲ್ಲಿ ದಿನಕ್ಕೊಂದು ಹೊಸ ಪದ್ಯ.
ನಮ್ಮ ಧನಿ ನಕ್ಕರು:
ಡೀಸೆಲಿಗೇ ಹುಟ್ಟುದಿಲ್ಲ ಅದು,
ಮೂರು ತಿಂಗಳು, ಆಮೇಲೆ ಗ್ಯಾರೇಜು.

ಹೌದು, ಡೀಸೆಲಿಗೆ ಹುಟ್ಟಲಿಲ್ಲ.
ಅವನಿಗೆ ಡೀಸೆಲ್ ಹಾಕುವವರು ಬೇರೆ ಇದ್ದರು.
ಬೊಂಬಾಯಿಯ ದುಡ್ಡು. ಕಾಯ್ಲಿಕ್ಕೆ ಗೊತ್ತಿದ್ದ ದುಡ್ಡು.
ಕಾದದ್ದು ಎರಡೂವರೆ ವರ್ಷ.
ಜಲಜಾಕ್ಷಿಯ ಪರ್ಮಿಟ್ಟನ್ನು ಅವನೇ ಕೊಂಡ,
ಪೈಂಟು ಮಾತ್ರ ಬದಲು, ಡ್ರೈವರ್ ಅದೇ ಕೊರಗಪ್ಪಣ್ಣ.
ಮರುವಾರ ಉಡುಪಿಗೆ ಡಬಲ್ ಚಾರ್ಜು.
ಜನ ಬೈದ್ರು.
ಬೈಕೊಂಡೇ ಹತ್ತಿದ್ರು.
ಬೇರೆ ಬಸ್ಸು ಎಲ್ಲಿತ್ತು?

ಮತ್ತೊಂದು ಗುಟ್ಟು ಹೇಳ್ತೇನೆ, ಯಾರ ಹತ್ರವೂ ಹೇಳ್ಬೇಡಿ.
ಖಾಲಿ ಬಸ್ಸಿಗೆ ಯಾರೂ ಹತ್ತುದಿಲ್ಲ.
ಅದಕ್ಕೆ ಮೊದಲು ನಮ್ಮ ಜನವನ್ನೇ ಕೂರಿಸುದು,
ಇಬ್ಬರು ಕ್ಲೀನರು, ಕಡಲೆ ಮಾರುವ ಹುಡುಗ,
ಕಿಟಕಿಗೊಂದು ಮುಖ.
ನಿಜವಾದವರು ಹತ್ತಿದ ಮೇಲೆ, ಈಗ್ಲೇ ಈಗ್ಲೇ ಅಂತ ಕೂಗಿ
ಡ್ರೈವರಿಗೆ ಕಣ್ಣು ಹೊಡೆಯುದು.
ಬಸ್ಸು ಒಂದು ಮೊಳ ಮುಂದೆ, ಒಂದು ಮೊಳ ಹಿಂದೆ.
ಹೊರಟ ಹಾಗೆ ಕಾಣ್ಬೇಕು, ಹೊರಡ್ಬಾರ್ದು.
ರಾತ್ರಿ ಮಲಗಿದಲ್ಲೇ ಬೆರಳಿನಲ್ಲಿ
ಮೇಲೆ ಮೇಲೆ ಎಳೀತೀರಲ್ಲ ನೀವು,
ಈಗ ಏನೋ ಬರ್ತದೆ, ಈಗ ಬರ್ತದೆ ಅಂತ,
ಅದೇ ಬಸ್ಸು.

ಎಲ್ಲ ಅವರದ್ದೇ ತಪ್ಪು ಅಂದ್ರೆ ನಿಮಗೆ ಸಮಾಧಾನ,
ನನಗೂ ಸಮಾಧಾನ.
ನಿಲ್ಲಿ.

ಯಾರು ಎಲ್ಲಿಗೆ ಹೋಗುದು ಅಂತ ನನಗೆ ಗೊತ್ತಿತ್ತು.
ಮಂಗಳವಾರ ವೆನ್ಲಾಕಿಗೆ ಬರುವ ಹೆಂಗಸು.
ಕೋರ್ಟು ಮುಗಿಸಿ ಒಂದೇ ಬಸ್ಸಿನಲ್ಲಿ
ಹಿಂದೆ ಒಬ್ಬ ಮುಂದೆ ಒಬ್ಬ ಕೂರುವ ಅಣ್ಣ ತಮ್ಮ.
ಹೆಜಮಾಡಿಯ ಮೇಷ್ಟ್ರು ಆ ತಿಂಗಳು ಮೂರು ಸಲ
ಚಿನ್ನದಂಗಡಿಯ ತೊಟ್ಟೆ ಹಿಡ್ಕೊಂಡು ಹತ್ತಿದ್ದು.
ಕೇಳ್ಬೇಕು ಅಂತಿಲ್ಲ, ನಿಂತವನಿಗೆ ಕಾಣ್ತದೆ.
ಹಂಪನಕಟ್ಟೆಯ ಸೀರೆಯಂಗಡಿ ಮ್ಯಾನೇಜರು
ಒಂದು ಸಂಜೆ ಚಾ ಕುಡಿಸಿದ.
ಈ ವರ್ಷ ಯಾರ ಮನೆಯಲ್ಲಿ ಮದುವೆ, ಮೋನಬ್ಬ?
ಹೇಳಿದೆ.
ಐವತ್ತು ರೂಪಾಯಿ.
ಎರಡನೇ ಸಲ ಚಾ ಇರಲಿಲ್ಲ, ಬರೀ ಐವತ್ತು.

ಮೇಷ್ಟ್ರು ಫುಟ್‌ಬೋರ್ಡಿನಲ್ಲಿ ನಿಂತು ಕೇಳಿದ್ರು,
ಹುಡುಗಿಯ ನಿಶ್ಚಿತಾರ್ಥವೇ ಆಗ್ಲಿಲ್ಲ,
ಅಂಗಡಿಯವರು ಮನೆಗೇ ಬಂದ್ರು,
ಅವರಿಗೆ ಹೇಗೆ ಗೊತ್ತಾಯ್ತು ಮಾರಾಯ?
ನಾನು ಟಯರು ನೋಡಿದೆ.
ಆಮೇಲೆ ಯಾವತ್ತಿಗಿಂತ ಜೋರಾಗಿ ಕೂಗಿದೆ,
ಸುರತ್ಕಲ್ ಮುಲ್ಕಿ ಪಡುಬಿದ್ರಿ.
ಹೆಜಮಾಡಿ ಬಿಟ್ಟುಹೋಯ್ತು.

ಇನ್ನೂರು ಕಟ್ಟಿ ನೋಡಿ, ಕಟ್ಬೇಡಿ ಅಂತ ನಾನು ಹೇಳುದಿಲ್ಲ.
ಆ ನೆವ್ರಿ ಒಂದು ಹತ್ತು ಪೊಟ್ಟಣ ಇಲ್ಲಿಡಿ.
ನಾಳೆ ಎಂಟು ಹತ್ತಕ್ಕೆ ಕೂಗುವಾಗ
ಕಾಪು ಆದ ಮೇಲೆ ನಿಮ್ಮ ಹೆಸರು ಸೇರಿಸ್ತೇನೆ,
ಯಾರಿಗೂ ಅಡ್ಡ ಇಲ್ಲ, ಕಿವಿ ಇದ್ದವರಿಗೆಲ್ಲ ಕೇಳ್ತದೆ.
ಕಮಿಷನ್ ಬೇಡ ಬಾಯಿ.
ಈಗ ಬೇಡ, ಅಂದೆ.