ಲೋಟದ ನೀರು

ಕ್ವಾರ್ಟರ್ಸಿನ ಬೀಗದಕೈ ಇಲಾಖೆಗೆ ಒಪ್ಪಿಸಿದ ಸಂಜೆ
ಡ್ರೈವರ್ ಕೆರಿಯಪ್ಪ, ನನ್ನ ಗಂಡ,
ಗಾಡಿಯ ಹಿಂಬಾಗಿಲು ತೆಗೆದು
'ಕಾಲು ಒರೆಸ್ಕೊಂಡು ಬಾ' ಅಂದ.
ಅದೇ ಗಾಡಿಯ ನೆಲಕ್ಕೆ ಹನ್ನೊಂದು ವರ್ಷ
ಫಿನಾಯಿಲು ಹಾಕಿ ಒರೆಸಿದವಳಿಗೆ.

ಸಂಚಾರಿ ಆಸ್ಪತ್ರೆಯ ಗಾಡಿ. ಹರಾಜಿನಲ್ಲಿ
ಗುಜರಿಯವನಿಗಿಂತ ಎರಡು ಸಾವಿರ ಹೆಚ್ಚು ಕೂಗಿ
ತಾನು ಓಡಿಸಿದ್ದನ್ನು ತಾನೇ ಕೊಂಡ.
ಸ್ಟ್ರೆಚರಿನ ಜಾಗಕ್ಕೆ ಮಂಚ, ಮಂಚದಡಿ ಅಕ್ಕಿ ಡಬ್ಬ,
ಸಲೈನು ತೂಗುತ್ತಿದ್ದ ಕೊಕ್ಕೆಗೆ ಬಾಳೆಚಿಪ್ಪು.
'ಮನೆ ಕೊಳ್ಳೋದು ಇದ್ದೇ ಇದೆ. ಒಂದು ವರ್ಷ
ಎಲ್ಲೆಲ್ಲಿ ನಿದ್ದೆ ಬರ್ತದೆ ನೋಡಣ.'

ವರ್ಗಾವಣೆಯಲ್ಲೇ ಸವೆದ ಸಂಸಾರ.
ಒಂದು ಮೊಳೆ ಹೊಡೆಯಲೂ
ಯಾರದೋ ಅಪ್ಪಣೆ ಬೇಕಿತ್ತು.
ಈಗ ಗೋಡೆ ನಮ್ಮದೇ. ತಗಡು.
ಮೊಳೆ ಇಳಿಯುವುದಿಲ್ಲ.

ನಿಲ್ಲಿಸಿದಲ್ಲೆಲ್ಲ ಮೊದಲ ಕೆಲಸ
ಲೋಟದ ತುಂಬ ನೀರು ತುಂಬಿ ನೆಲದ ಮೇಲಿಡುವುದು.
ಯಾವ ಅಂಚಿನಿಂದ ತುಳುಕಿತೋ
ಆ ಕಡೆಯ ಚಕ್ರದಡಿಗೆ ಜಂಬಿಟ್ಟಿಗೆ ಕಲ್ಲು.
ಇಷ್ಟು ಗುಡ್ಡದ ಸೀಮೆಯಲ್ಲಿ
ಆರಡಿ ಸಪಾಟು ನೆಲಕ್ಕೆ ಎಷ್ಟು ಕಲ್ಲು ಹೊತ್ತೆವೋ.

ಅವನ ಹತ್ತಿರ ಹಳೆಯ ಲಾಗ್ ಬುಕ್ಕು:
ಕಿಲೋಮೀಟರು, ಡೀಸೆಲ್ಲು, ಕೈಯಲ್ಲೇ ಗೆರೆ ಎಳೆದ
ಇನ್ನೊಂದು ಕಾಲಮ್ಮು, ನಿದ್ದೆ.
ಮಂಡಗದ್ದೆ: ಹಕ್ಕಿ ಗಲಾಟೆ. ಹಗಲು ನೋಡಲು ಅಡ್ಡಿಯಿಲ್ಲ.
ಕೋಣಂದೂರು: ಚೆನ್ನಾಗಿದೆ, ನೀರು ಕೆಂಪು.
ನಗರ: ಲಂಗ ಒಂಬತ್ತು ದಿನಕ್ಕೂ ಒಣಗಲಿಲ್ಲ.
ಆನಂದಪುರ: ರೈಲು ಹತ್ತಿರ. ಅವಳಿಗೆ ಇಷ್ಟ, ನನಗಿಲ್ಲ.
ಕುಂಸಿ: ಜಗಳ.

ಯಾವುದಕ್ಕೆಂದು ಬರೆದಿಲ್ಲ. ಕಕ್ಕಸಿಗೆ.
ಅರವತ್ತರ ಮೊಣಕಾಲು ಊರಿಕೊಂಡು
ಬೆಳಗಿನ ಜಾವ ಟಾರ್ಚು ಹಿಡಿದು
ಪೆಟ್ರೋಲ್ ಬಂಕಿನ ತನಕ ನಡೆಯುವುದೇ ಸ್ವಾತಂತ್ರ್ಯವಾದರೆ
ನನಗೆ ಬೇಡ ಮಾರಾಯ ಅಂದಿದ್ದೆ.
ಇಡೀ ದಿನ ಅವನು ಬಾನೆಟ್ಟಿನೊಳಗೆ ತಲೆ ಹಾಕಿಕೊಂಡಿದ್ದ.

ಪೆನ್ಷನ್ನಿನ ಕೌಂಟರಿನ ಹುಡುಗಿ ವಿಳಾಸ ಕೇಳಿದಳು.
ಗಾಡಿ ನಂಬರು ಹೇಳಿದೆ.
ನಕ್ಕಳು. ಮತ್ತೆ ಕೇಳಿದಳು.

ಬ್ರೋಕರ್ ಸಾಬ್ಜಾನ್ ಸೈಟು ತೋರಿಸಿದ,
ಸುಣ್ಣ ಬಳಿದ ನಾಲ್ಕು ಕಲ್ಲಿನ ನಡುವೆ
'ಇಲ್ಲಿ ಅಡಿಗೆಮನೆ ಅಕ್ಕಾ, ಇಲ್ಲಿ ದೇವರು.'
ಕೆರಿಯಪ್ಪ ಮಾತಿಲ್ಲದೆ ಲೋಟ ತುಂಬಿ ಹುಲ್ಲಿನ ಮೇಲಿಟ್ಟ.
ಪಾಪ, ಬಾಯಾರಿದ್ದನೇನೋ,
ಸಾಬ್ಜಾನ್ ಎತ್ತಿ ಕುಡಿದುಬಿಟ್ಟ.

ಎರಡು ಕೋಟು ಬಣ್ಣ ಹೊಡೆದರೂ
ಅಡಿಯಿಂದ ಕೆಂಪು ಗುರುತು ಮೇಲೇಳುತ್ತದೆ.
ರಿಪ್ಪನ್‌ಪೇಟೆಯ ಆಚೆ ಒಂದು ರಾತ್ರಿ
ದಬದಬ ತಗಡು ಬಡಿದರು. 'ಡಾಕ್ಟ್ರ ಗಾಡಿ ಅಲ್ವಾ?'
ಅಲ್ಲ ಅನ್ನುವಷ್ಟರಲ್ಲಿ ಮಗು ನನ್ನ ಕೈಯಲ್ಲಿತ್ತು,
ಮೈ ಕೆಂಡ.
ಒದ್ದೆ ಬಟ್ಟೆ ಹಿಂಡಿ ಹಣೆಗೆ ಹಾಕುವಾಗ ಕೇಳಿಸಿತು,
ಹೊರಗೆ ಅವನು ಚಕ್ರದ ಕಲ್ಲು ಎಳೆಯುವ ಸದ್ದು.
ಹೊಸನಗರದವರೆಗೂ ಆ ತಾಯಿ ನಮ್ಮ ಮಂಚದ ಮೇಲೆ,
ತಿರುವಿಗೊಮ್ಮೆ ಬಾಳೆಚಿಪ್ಪು ಅವಳ ತಲೆಗೆ ತಾಗುತ್ತ.

ಲಾಗ್ ಬುಕ್ಕಿನಲ್ಲಿ: ನಿದ್ದೆ ಇಲ್ಲ.
ಪೆನ್ನಿನ ಕ್ಯಾಪು ಕಚ್ಚಿ ಬಹಳ ಹೊತ್ತು ಕೂತು
ಪಕ್ಕಕ್ಕೆ: ಜಾಗ ಪರವಾಗಿಲ್ಲ.

ಅಲ್ಲೇ ಕೊಂಡೆವು. ಎರಡು ಕೋಣೆ,
ಕಕ್ಕಸು ಒಳಗೆ. ನಾನೇ ಲೋಟ ಇಟ್ಟು ನೋಡಿದೆ,
ನೀರು ಬಚ್ಚಲ ಕಡೆಗೆ ವಾಲಿತು.
'ಹರಿದು ಹೋಗ್ಬೇಕಲ್ಲ ಅಮ್ಮಾ' ಅಂದ ಮೇಸ್ತ್ರಿ.
ಕಲ್ಲು ಕೊಡಲು ಚಕ್ರವಿರಲಿಲ್ಲ.

ಯಾರನ್ನೂ ಕೇಳದೆ ಒಂದು ಮೊಳೆ ಹೊಡೆದೆ.
ತೂಗುಹಾಕಲು ಏನೂ ಇರಲಿಲ್ಲ.
ಬೆಳಿಗ್ಗೆ ಎದ್ದು ನೋಡಿದರೆ ಗಾಡಿಯ ಕೀಲಿ ಅಲ್ಲಿತ್ತು.
ಸಂಜೆ ನೋಡಿದರೆ ಇಲ್ಲ.