ಶುಕ್ರವಾರ ಐದರೊಳಗೆ

ಮೈಗೆ ಒಂದು ವಿಮೆ ಇದೆಯಂತೆ. ಆದರೆ
ಆ ಮೈಯಲ್ಲಿ ಹಲ್ಲಿಲ್ಲ, ಕಣ್ಣೂ ಇಲ್ಲ.
ಅವಕ್ಕೆ ಬೇರೆ ಫಾರಂ, ಬೇರೆ ಕಂತು.
ಹಾಗಾದರೆ ನನ್ನ ತಲೆ ಯಾರ ಲೆಕ್ಕದಲ್ಲಿದೆ ಎಂದು ಕೇಳಿದೆ.
ಆಫೀಸಿನ ಡೊರೀನ್ ನಕ್ಕು, ಸ್ಟೇಪ್ಲರ್ ಒತ್ತಿ,
ನಲವತ್ತೊಂದು ಪುಟ ಕೈಗಿಟ್ಟಳು:
ಶುಕ್ರವಾರ ಸಂಜೆ ಐದರೊಳಗೆ. ತಪ್ಪಿದರೆ ಮುಂದಿನ ನವೆಂಬರ್.

ಡೇಟನ್ನಿನ ಈ ಅಂಗಡಿಯ ಹಿಂಗೋಣೆಯಲ್ಲಿ
ಹದಿನಾಲ್ಕು ವರ್ಷದಿಂದ ಕೂತಿದ್ದೇನೆ,
ಯಾರಯಾರದೋ ಮದುವೆಯ ಬಿಳಿ ಗೌನಿನ
ಸೊಂಟ ಬಿಗಿಸುತ್ತ, ಸಡಿಲಿಸುತ್ತ,
ಉದುರಿದ ಮಣಿ ಪೋಣಿಸುತ್ತ.
ಈಚೆಗೆ ಸೂಜಿಯ ಕಣ್ಣು ಮಂಜಾಗಿದೆ.
ನನ್ನದಲ್ಲ, ಸೂಜಿಯದೇ ಎಂದು ಇಷ್ಟು ದಿನ ವಾದಿಸಿದೆ.
ಲೊರೇನ್ ದಿನಾ ಬೆಳಿಗ್ಗೆ ಹತ್ತು ಸೂಜಿಗೆ ದಾರ ಏರಿಸಿ
ನನ್ನ ಸೂಜಿದಿಂಬಿಗೆ ಚುಚ್ಚಿಡುತ್ತಾಳೆ,
ಆ ವಿಷಯ ಎತ್ತುವುದಿಲ್ಲ.
ನಗು ಬಂದರೆ ಅಳತೆಪಟ್ಟಿ ಬಾಯಿಗೆ ಅಡ್ಡ ಹಿಡಿಯುತ್ತಾಳೆ.
ಮೇಲಿನ ಸಾಲಲ್ಲಿ ಎರಡಿಲ್ಲ.
ಆ ವಿಷಯ ನಾನು ಎತ್ತುವುದಿಲ್ಲ.

ಹನ್ನೊಂದನೇ ಪುಟ, ಇರುವೆ ಸಾಲಿನಂಥ ಅಕ್ಷರ:
ಪಾಲಿಸಿ ಶುರುವಾಗುವ ಮೊದಲೇ ಬಿದ್ದ ಹಲ್ಲಿಗೆ
ಕಂಪನಿ ಹೊಣೆಯಲ್ಲ.
ಪುಟ ಮಗುಚಿಬಿಟ್ಟೆ. ಆದರೆ ಅವಳು ನೋಡಿದ್ದಳು.
ನನಗದು ಬಾಯಿಪಾಠ ಕಣೇ, ಅಂದಳು,
ಅವರು ಕೊಡುವುದು ಇದ್ದವರಿಗೆ.

ರಾತ್ರಿ ಅಡಿಗೆಮನೆಯ ಮೇಜು.
ಎರಡೂ ಹಾಕಿಸಿದರೆ ತಿಂಗಳಿಗೆ ಎಂಬತ್ತೇಳು ಡಾಲರ್.
ಗ್ಯಾಸ್ ಬಿಲ್ಲು, ಕಾರಿನ ಕಂತು, ಬಾಡಿಗೆ,
ಲಕೋಟೆಯ ಬೆನ್ನ ಮೇಲೆ ಕೂಡಿಸಿ ಕಳೆದು ನೋಡಿದರೆ
ಒಂದಕ್ಕೆ ಮಾತ್ರ ಜಾಗ.
ಟೈರ್ ಅಂಗಡಿಯ ಮಸಿ ತೊಳೆದುಕೊಂಡು ಬಂದ ಶಂಕ್ರೆಪ್ಪ
ಕಣ್ಣು ಹಾಕಿಸು, ಅಂದ. ನಿನ್ನ ಅನ್ನ ಅದು.
ನನ್ನ ದವಡೆಗೇನು, ಖಡಕ್ ರೊಟ್ಟಿ ಬಿಟ್ಟರಾಯಿತು.
ಆಮೇಲೆ, ಹುರಿಗಡಲೆ ಡಬ್ಬಿಯ ಮುಚ್ಚಳ ತಿರುಗಿಸುತ್ತ:
ಹಲ್ಲೂ ಐತಿ, ಕಡಲೀನೂ ಐತಿ,
ಅಗಿಯಾಕ ಯಾರ ಅಪ್ಪಣಿ ಬೇಕೋ ನೋಡು
ಆ ಪುಸ್ತಕದಾಗ.

ಮಲಗಿದ ಮೇಲೆ ಶುರುವಾಯಿತು.
ಕಟಕಟ, ಕಟಕಟ.
ಹಗಲು ಗಿರಾಕಿ ಬೈದರೂ ದನಿ ಏರಿಸದವನು
ನಿದ್ದೆಯಲ್ಲಿ ಯಾರನ್ನು ಹೀಗೆ ಅರೆಯುತ್ತಾನೋ.
ಹಿಂದಿನ ಹಲ್ಲು ಒಂದು ಆಗಲೇ ಸೀಳಿದೆ,
ಬೀಳುವುದಕ್ಕೆ ದಿನ ಎಣಿಸುತ್ತಿದೆ.
ಕತ್ತಲಲ್ಲಿ ಕೇಳಿಸಿಕೊಳ್ಳಲು
ಕನ್ನಡಕ ಬೇಕಿಲ್ಲ.

ಶುಕ್ರವಾರ, ನಾಲ್ಕು ನಲವತ್ತು.
ಕಣ್ಣಿನ ಚೌಕಕ್ಕೆ ಗುರುತು ಹಾಕಿದೆ.
ತೆಗೆದೆ.
ಹಲ್ಲಿನ ಚೌಕಕ್ಕೆ ಹಾಕಿದೆ, ಇಬ್ಬರಿಗೂ.
ಖಚಿತವೇ? ಎಂದು ಪರದೆ ಕೇಳಿತು.
ಮದುವೆಯಲ್ಲೂ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.
ಹೌದು ಒತ್ತಿದೆ.

ಬಸ್ ಸ್ಟಾಪಿನ ಎದುರು ಔಷಧಿ ಅಂಗಡಿ.
ಬಾಗಿಲ ಬಳಿ ತಿರುಗುವ ಕಂಬದ ತುಂಬ
ಯಾವ ಡಾಕ್ಟರೂ ಬರೆದುಕೊಡದ ಕನ್ನಡಕಗಳು.
ಎರಡೂವರೆ ಪವರ್, ಹನ್ನೆರಡು ಡಾಲರ್.
ಕಂಬದ ತುದಿಯ ಗೇಣುದ್ದದ ಕನ್ನಡಿಯಲ್ಲಿ,
ಗಾಜಿಗಂಟಿದ ಸ್ಟಿಕ್ಕರ್ ಕೀಳದೆ ನೋಡಿಕೊಂಡೆ:
ಅರ್ಧ ಮುಖಕ್ಕೆ ಬೆಲೆಚೀಟಿ,
ಇನ್ನರ್ಧದಲ್ಲಿ ಎಷ್ಟೊಂದು ಗೆರೆ!
ಇವು ಯಾವಾಗ ಬಂದವು, ನನಗೆ ಹೇಳದೆ?

ಸೋಮವಾರ ಲೊರೇನ್ ಮತ್ತೆ ಹತ್ತು ಸೂಜಿ ಚುಚ್ಚಿಟ್ಟಿದ್ದಳು.
ಮೂಗಿನ ಮೇಲಿನ ಗಾಜು ತೋರಿಸಿ, ಇನ್ನು ಬೇಡ, ಅಂದೆ.
ಇವತ್ತೊಂದು ದಿನ ಇರಲಿ, ಅಂದಳು,
ಅಳತೆಪಟ್ಟಿ ಹುಡುಕುತ್ತ.

ಇಪ್ಪತ್ತಾರನೇ ಪುಟವನ್ನು ಹೊಸ ಗಾಜಿನಲ್ಲಿ ಓದಿದೆ:
ದವಡೆಯ ದೊಡ್ಡ ಕೆಲಸಕ್ಕೆ ಆರು ತಿಂಗಳು ಕಾಯಬೇಕು,
ಜನವರಿಯಿಂದ ಲೆಕ್ಕ.
ರಾತ್ರಿ ಶಂಕ್ರೆಪ್ಪನ ಗಲ್ಲಕ್ಕೆ ಅಂಗೈ ಒತ್ತಿ
ಜುಲೈ ತನಕ, ಅಂದೆ ಮೆಲ್ಲಗೆ.
ಒಂದು ಉಸಿರಿನಷ್ಟು ಹೊತ್ತು ನಿಂತಿತು.
ಮತ್ತೆ ಕಟಕಟ.