ಕುರ್ಚಿ ಕಿರ್ ಎಂದದ್ದು

ಹಳೆಯ ಚೆಲ್ಲೋದಲ್ಲಿ ಕೆಳಗಿನ ರಿಷಭವನ್ನು
ಮೆಲ್ಲಗೆ ಒತ್ತಿದರೆ, ಮೂರನೇ ಸಲಕ್ಕೊಮ್ಮೆ
ಯಾರದೋ ಕುರ್ಚಿ ಕಿರ್ ಎನ್ನುತ್ತದೆ.

ಯಾವ ದೇಶದ ಹಾಲೋ, ಎಂಥ ಚಳಿಯೋ,
ಕಮಾನು ಎಳೆಯುತ್ತ ಕೂತವ ತುಸು ಜರುಗಿರಬೇಕು.
ಸೊಂಟ ಹಿಡಿದಿತ್ತೋ, ಊಟದ ಹೊತ್ತು ಮೀರಿತ್ತೋ.
ಒಂಬತ್ತು ವರ್ಷದಿಂದ ಅವನು
ಸೊಲ್ಲಾಪುರದ ಸಾಖರ ಪೇಠಿನಲ್ಲಿ,
ಅತ್ತಿಗೆಯ ಹೊಲಿಗೆ ಮಷೀನಿನ ಹಿಂದಿನ ಕೋಣೆಯಲ್ಲಿ
ಜರುಗುತ್ತಲೇ ಇದ್ದಾನೆ.

ಹೊಸ ಆವೃತ್ತಿಯಲ್ಲಿ ಅವನನ್ನು ತೆಗೆದಿದ್ದಾರಂತೆ.
ಪಟ್ಟಿಯ ಹನ್ನೊಂದನೇ ಸಾಲು:
ಅನಗತ್ಯ ಸದ್ದುಗಳ ನಿವಾರಣೆ.
ಮೇಲೆ ಎಂಟು ಪಿಟೀಲು, ನಾಲ್ಕು ಮೈಕು,
ಉಸಿರು ಕಟ್ಟಿ ಊದುವ ಒಂದು ಕೊಂಬು.
ಹಳೇ ಗಿರಾಕಿಗೆ ಹದಿನೆಂಟು ಸಾವಿರದ ನಾನೂರು,
ಇವತ್ತು ನಡುರಾತ್ರಿಯವರೆಗೆ.
ಅವರ ನಡುರಾತ್ರಿ. ನಮಗದು ಬೆಳಗಿನ ನಾಲ್ಕೂವರೆ.

ಕೇಳಿದೆ. ಸುಳ್ಳು ಯಾಕೆ, ಚಂದವೇ ಇದೆ.
ನನ್ನದರಲ್ಲಿ ಸ್ವರದಿಂದ ಸ್ವರಕ್ಕೆ ಹೋಗುವುದೆಂದರೆ
ಕೈಚೀಲ ಹಿಡಿದು ಎಸ್‌ಟಿ ಬಸ್ಸಿಳಿದಂತೆ.
ಇದರಲ್ಲಿ ಎಣ್ಣೆಗೆ ಎಣ್ಣೆ ಸುರಿದಂತೆ.

ಇಳಿಸಿಕೊಳ್ಳಲು ಇನ್ನೂರ ಹತ್ತು ಜಿಬಿ.
ನನ್ನ ಫೋನು ದಿನಕ್ಕೆ ಕೊಡುವುದು ಒಂದೂವರೆ.
ನೂರ ನಲವತ್ತು ದಿನ!
ಪಿಟೀಲು ಬಂದು, ಕೊಂಬು ಇನ್ನೂ
ದಾರಿಯಲ್ಲಿರುವಾಗಲೇ ದೀಪಾವಳಿ ಮುಗಿದಿರುತ್ತದೆ.

ಮೈಂದರ್ಗಿಯ ಹುಡುಗರು ಒಂದು ಕಿರುಚಿತ್ರ ತಂದಿದ್ದಾರೆ.
“ರೊಕ್ಕ ಇಲ್ಲಕ್ಕಾ, ಆದ್ರ ಅಳು ಬರಬೇಕು.”
ಅಳು ಯಾವ ಆವೃತ್ತಿಯಲ್ಲಿದೆ, ಪಟ್ಟಿಯಲ್ಲಿ ಹುಡುಕಿದೆ.

ಮದುವೆ ಬ್ಯಾಂಡಿನಲ್ಲಿ ಮೂವತ್ತು ವರ್ಷ ಕ್ಲಾರ್ನೆಟ್ ಊದಿದ
ಮೌಲಾಲಿ ಕಾಕಾ ಸಂಜೆ ಬಂದಿದ್ದರು, ಅಂಗಿ ಹೊಲಿಸಲು.
ಕಿವಿಗೆ ಹೆಡ್‌ಫೋನು ಹಾಕಿ ಕೂರಿಸಿದೆ.
“ಎಷ್ಟು ಮಂದಿ ಇದಾರವ್ವಾ ಇದರಾಗ?”
ಅರವತ್ತು, ಅಂದೆ.
“ಅಷ್ಟೂ ಮಂದಿಗೆ ಚಹಾ ಯಾರು ಕೊಟ್ರು?”
ಆಮೇಲೆ ಆ ಕಿರ್ ಕೇಳಿಸಿದೆ, ಮೂರು ಸಲ ಒತ್ತಿ.
ಮರುಗುತ್ತಾರೆ ಅಂದುಕೊಂಡಿದ್ದೆ.
“ಹೊಸಾದು ತಗೋ ಹುಚ್ಚಿ,” ಅಂದರು.
“ರೀಡು ಸೀಳಿದ ಮ್ಯಾಲ ನಾ ಅದನ್ನ
ಮುದ್ದಾಡಕೋತ ಕೂತಿದ್ನೇನು?”
ಅಂಗಿಯ ಕಾಲರು ಸಣ್ಣದಿರಲಿ ಅಂತ ಹೇಳಿ ಹೋದರು.

ಹತ್ತಕ್ಕೆ ಅಂಬಾದಾಸ ಶೇಠರ ಫೋನು.
ಮನೆಯಲ್ಲಿ ತೆಲುಗು, ಗಲ್ಲೆಯಲ್ಲಿ ಮರಾಠಿ,
ಕಡಿಮೆ ಮಾಡಿಸಿಕೊಳ್ಳುವಾಗ ನನ್ನೊಡನೆ ಕನ್ನಡ.
ಚಾದರಿನ ಜಾಹೀರಾತು, ಇಪ್ಪತ್ತು ಸೆಕೆಂಡು,
‘ರಾಜ ಬಂದಂಗ’ ಇರಬೇಕೆಂದು ಹೇಳಿದ್ದರು;
ಹಳೆಯದರಲ್ಲೇ ಮಾಡಿ ಕಳಿಸಿದ್ದೆ.
“ಛಲೋ ಅದ. ನಡುವ ಏನೋ ಕಿರ್ ಅಂತದಲ್ಲ?”
ನನ್ನ ಜೀವ ಬಾಯಿಗೆ ಬಂತು.
“ಮಂಚದ ಸದ್ದು ಹಾಕೀರೇನು? ಇರಲಿ ಬಿಡ್ರಿ,
ಚಾದರದಾಗ ಯಾರೋ ಮಲಗಿದಂಗ ಆಗ್ತದ.”
ಆಮೇಲೆ ಐದು ನೂರು ಕಡಿಮೆ ಮಾಡಿಸಿಕೊಂಡರು.

ಈಗ ನಾಲ್ಕು ಹತ್ತು.
ಪಕ್ಕದ ಮಗ್ಗಗಳು ರಾತ್ರಿ ಪಾಳಿಯ ಕೊನೆಯಲ್ಲಿ
ಗೋಡೆಯ ಸುಣ್ಣ ಉದುರಿಸುತ್ತಿವೆ.
ಕಾರ್ಡಿನ ಅಂಕಿಗಳನ್ನು ತುಂಬಿದ್ದೇನೆ, ಎರಡು ಸಲ ಅಳಿಸಿ.
ಚೆಲ್ಲೋದ ಮೇಲೆ ಬೆರಳಿಟ್ಟು ಒಂದು, ಎರಡು;
ಮೂರನೆಯದನ್ನು ಒತ್ತಲಿಲ್ಲ.

ಓಟಿಪಿ ಬರುವುದು ಅತ್ತಿಗೆಯ ಫೋನಿಗೆ.
ಅತ್ತಿಗೆ ಮಲಗಿದ್ದಾಳೆ, ಫೋನು ದಿಂಬಿನ ಕೆಳಗೆ.
ಎಬ್ಬಿಸಿದರೆ, ಮೊದಲು ಕೇಳುವುದು
ಎಷ್ಟಕ್ಕೆ ಅಂತ.